ಎರಡನೆಯ ಪತ್ತೇದಾರನ ದನಿ

ಒಬ್ಬ ಅಮೆರಿಕನ್ ನಟನ ನಲವತ್ತು ವರ್ಷಗಳ ವೃತ್ತಿಜೀವನವನ್ನು ನಾನು ಎರಡೂವರೆ ವರ್ಷಗಳಲ್ಲಿ, ಮ್ಯಾನ್‌ಹೈಮಿನ ಮೂರನೆಯ ಮಹಡಿಯ ಮನೆಯೊಂದರಲ್ಲಿ, ಹೆಚ್ಚಾಗಿ ಬಟ್ಟೆ ಮಡಚುತ್ತ, ಹಿಂದುಮುಂದಾಗಿ ನೋಡಿ ಮುಗಿಸಿದ್ದೇನೆ. ಇದನ್ನು ಸಾಧನೆ ಎಂದು ಹೇಳಿಕೊಳ್ಳುತ್ತಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿದವಳು ಮಧ್ಯಾಹ್ನದ ಟಿವಿಯ ಮುಂದೆ ಕೂತಳೆಂದು ತಿಳಿದರೆ ಧಾರವಾಡದಲ್ಲಿ ನನಗೆ ಪಾಠ ಹೇಳಿದವರು ಏನೆಂದುಕೊಂಡಾರು ಎಂಬ ಅಳುಕು ಈಗಲೂ ಇದೆ. ನಟನ ಹೆಸರು ಹೇಳುವುದಿಲ್ಲ. ಹೇಳಿದರೂ ನಿಮಗೆ ಗೊತ್ತಾಗಲಿಕ್ಕಿಲ್ಲ. ಮುಖ ತೋರಿಸಿದರೆ ಮಾತ್ರ ‘ಇವನನ್ನು ಎಲ್ಲೋ ನೋಡಿದ್ದೇನಲ್ಲ’ ಎನ್ನುತ್ತೀರಿ. ಅವನ ವೃತ್ತಿಜೀವನದ ಸಾರಾಂಶವೂ ಅಷ್ಟೇ.

ಮನೆಯಲ್ಲಿ ನಾವು ಅವನನ್ನು ಸಾಹೇಬರು ಎಂದು ಕರೆಯುತ್ತಿದ್ದೆವು, ಪೊಲೀಸು ಧಾರಾವಾಹಿಯೊಂದರಲ್ಲಿ ಅವನು ಪತ್ತೇದಾರನಾದ್ದರಿಂದ. ಅದೂ ಎರಡನೆಯ ಪತ್ತೇದಾರ. ಮೊದಲನೆಯವನು ಕಿಟಕಿಯಾಚೆ ನೋಡುತ್ತ ಸುಮ್ಮನೆ ನಿಂತು ಕೊಲೆಗಾರನನ್ನು ಕಂಡುಹಿಡಿಯುತ್ತಾನೆ. ಸಾಹೇಬರು ಕಾರು ಓಡಿಸುತ್ತಾರೆ, ಕಡತ ತರುತ್ತಾರೆ, ಆಗಾಗ ಭುಜಕ್ಕೆ ಗುಂಡು ತಿಂದು ಆಸ್ಪತ್ರೆಯಲ್ಲಿ ಮಲಗುತ್ತಾರೆ. ಮಧ್ಯಾಹ್ನ ಎರಡಕ್ಕೆ ಈ ಧಾರಾವಾಹಿಯಲ್ಲಿ ಅವರಿಗೆ ನಲವತ್ತೈದು ವರ್ಷ. ನಾಲ್ಕಕ್ಕೆ ಇನ್ನೊಂದು ಚಾನೆಲ್ಲಿನಲ್ಲಿ ಇಪ್ಪತ್ತೆಂಟು, ಕುದುರೆಯ ಮೇಲೆ, ಸೊಂಟದಲ್ಲಿ ಪಿಸ್ತೂಲು. ರವಿವಾರದ ಸಿನಿಮಾಗಳಲ್ಲಿ ಅರವತ್ತರ ಆಸುಪಾಸು, ಒಂದೇ ದೃಶ್ಯದ ನ್ಯಾಯಾಧೀಶ ಇಲ್ಲವೇ ಮಗಳ ಮದುವೆಗೆ ತಡವಾಗಿ ಬರುವ ತಂದೆ. ಒಂದು ವಾರದಲ್ಲಿ ಅವರ ಕೂದಲು ಬೆಳ್ಳಗಾಗಿ, ಮತ್ತೆ ಕಪ್ಪಾಗಿ, ನಡುವೆ ಸ್ವಲ್ಪ ಉದುರಿ, ತಿರುಗಿ ಬೆಳೆಯುತ್ತಿತ್ತು. ಒಮ್ಮೆ ಅವರು ಹೆಣವಾಗಿಯೂ ಬಂದರು. ಚಾದರ ಸರಿಸಿ ಮುಖ ತೋರಿಸಿ ಮತ್ತೆ ಮುಚ್ಚಿದರು. ಮರುದಿನ ಎರಡಕ್ಕೆ ಸರಿಯಾಗಿ ಕಾರಿನ ಬಾಗಿಲು ತೆರೆದು ಇಳಿದರು.

ಕಾಲಾನುಕ್ರಮ ತಪ್ಪಿದರೆ ಇತಿಹಾಸದ ವಿದ್ಯಾರ್ಥಿಗೆ ಕಿರಿಕಿರಿಯಾಗಬೇಕು. ನನಗೆ ಮಾತ್ರ ಸಮಾಧಾನವಾಗುತ್ತಿತ್ತು. ಈ ಸಮಾಧಾನದ ಬಗ್ಗೆ ಆಗಲೇ ಅನುಮಾನಪಡಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಇಪ್ಪತ್ತೆಂಟಕ್ಕೂ ಅರವತ್ತಕ್ಕೂ ಸಾಹೇಬರ ದನಿ ಚೂರೂ ಬದಲಾಗದೆ ಇದ್ದದ್ದರ ಬಗ್ಗೆ ಅನುಮಾನಪಡಬೇಕಿತ್ತು. ಆಳವಾದ, ಅವಸರವಿಲ್ಲದ, ಬಾವಿಯ ತಳದಿಂದ ಕೊಡ ಮೇಲೆ ಬರುವಂಥ ದನಿ. ಆಧಾರಗಳನ್ನು ಪರಿಶೀಲಿಸದೆ ಏನನ್ನೂ ನಂಬಬೇಡಿ ಎಂದು ಎರಡು ವರ್ಷ ಕಲಿತು ಬಂದವಳು ಆ ದನಿಯನ್ನು ಪೂರ್ತಿ ನಂಬಿದೆ.

ನಮ್ಮವರು, ಅಂದರೆ ಶ್ರೀಧರ, ಜರ್ಮನಿಯವರು ಕಂಪ್ಯೂಟರಿನವರಿಗೆಂದು ಕೊಡುತ್ತಿದ್ದ ಗ್ರೀನ್ ಕಾರ್ಡಿನ ಮೇಲೆ ಬಂದವರು. ಹೆಸರಿನಲ್ಲಿ ಹಸಿರು ಇದ್ದರೂ ಅದು ಐದು ವರ್ಷದ ಮಾತು, ಅದೂ ಕೆಲಸ ಇರುವತನಕ. ಗೋದಾಮಿನ ಯಾವ ಕಪಾಟಿನಲ್ಲಿ ಯಾವ ಡಬ್ಬಿ ಇದೆ ಎಂದು ಹೇಳುವ ಸಾಫ್ಟ್‌ವೇರ್ ಬರೆಯುತ್ತಿದ್ದರು. ಆಫೀಸಿನಲ್ಲಿ ಎಲ್ಲರೂ ಇಂಗ್ಲಿಷ್ ಮಾತಾಡುತ್ತಿದ್ದರಿಂದ ಅವರಿಗೆ ಜರ್ಮನ್ ಸರಿಯಾಗಿ ಬರಲಿಲ್ಲ. ಮೊದಲ ವರ್ಷ ಕೆಲಸ ಮಾಡುವಂತಿಲ್ಲ ಎಂದು ನನ್ನ ಪಾಸ್‌ಪೋರ್ಟಿನಲ್ಲಿ ಮುದ್ರೆ ಒತ್ತಿದ್ದರಿಂದ ನನಗೆ ಜರ್ಮನ್ ಬಂತು. ಟಿವಿಯಲ್ಲಿ ಸಾಹೇಬರು ಜರ್ಮನ್ನಿನಲ್ಲಿ ಹೇಳಿದ್ದನ್ನು ಹೇಳುತ್ತ ಹೋದೆ, ಅಷ್ಟೇ. ಪರಿಣಾಮವಾಗಿ ತರಕಾರಿ ಕೊಳ್ಳಲು ಬೇಕಾದ ಶಬ್ದಗಳಿಗಿಂತ ಮೊದಲು ನನಗೆ ಬೆರಳಚ್ಚು, ಜಾಮೀನು, ತಲೆಯ ಹಿಂಭಾಗಕ್ಕೆ ಬಿದ್ದ ಪೆಟ್ಟು ಇವೆಲ್ಲ ಬಾಯಿಗೆ ಬಂದವು. ಕೆಳಗಿನ ಮಹಡಿಯ ಫ್ರೌ ಕೆಸ್ಲರ್ ಎಂಬ ವಯಸ್ಸಾದ ಹೆಂಗಸಿಗೆ ಅಂಚೆಯವನು ತಂದ ಪಾರ್ಸೆಲ್ಲನ್ನು ನಾನು ಒಮ್ಮೆ ಇಸಿದುಕೊಂಡಿದ್ದೆ. ಅದನ್ನು ಕೊಡಲು ಹೋಗಿ ಬಾಗಿಲಲ್ಲಿ ನಿಂತು, “ನಿನ್ನೆ ಸಂಜೆ ನಾಲ್ಕರಿಂದ ಆರರವರೆಗೆ ನೀವು ಎಲ್ಲಿದ್ದಿರಿ?” ಎಂದು ಕೇಳಿದೆ. ಆಕೆ ಎರಡೂ ಕೈ ಮೇಲೆತ್ತಿ, “ತಂಗಿಯ ಮನೆಯಲ್ಲಿ. ಅವಳೇ ಸಾಕ್ಷಿ,” ಎಂದಳು. ನಮ್ಮ ಸ್ನೇಹ ಶುರುವಾದದ್ದು ಹಾಗೆ.

ಎರಡು ವರ್ಷ ತುಂಬಿದ ಸ್ವಲ್ಪ ದಿನಕ್ಕೆ ಕಂಪನಿ ಮುಚ್ಚಿತು. ಪರದೇಶಿಗಳ ಕಾಗದಪತ್ರ ನೋಡುವ ಔಸ್‌ಲೆಂಡರ್‌ಬೆಹೋರ್ಡೆಯಿಂದ ಕಾಗದ ಬಂತು: ಮೂರು ತಿಂಗಳಲ್ಲಿ ಬೇರೆ ಕೆಲಸ ಸಿಕ್ಕರೆ ಇರಬಹುದು, ಇಲ್ಲದಿದ್ದರೆ ಹೊರಡಬೇಕು. ಭಾಷೆ ಬಹಳ ಸಭ್ಯವಾಗಿತ್ತು. ಸಾಹೇಬರ ಧಾರಾವಾಹಿಯಲ್ಲಿಯೂ ಕೋಳ ಹಾಕುವ ಮುಂಚೆ ಹಾಗೆಯೇ ಮಾತಾಡುತ್ತಾರೆ.

ಶ್ರೀಧರ ಅರ್ಜಿ ಹಾಕತೊಡಗಿದರು. ಇಲ್ಲಿ ಅರ್ಜಿ ಎಂದರೆ ಒಂದು ಹಾಳೆಯಲ್ಲ. ಗಟ್ಟಿ ರಟ್ಟಿನ ಮಾಪ್ಪೆ ಎಂಬ ಫೈಲು, ಅದರೊಳಗೆ ಜೀವನದ ವಿವರ, ಎಲ್ಲ ಪ್ರಮಾಣಪತ್ರಗಳ ನಕಲು, ಮೇಲುಗಡೆ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋ. ಫೋಟೋದವನು ಶ್ರೀಧರರ ಗದ್ದ ಹಿಡಿದು ತಿರುಗಿಸಿ, ನಗಬೇಡಿ ಆದರೆ ನಗುವ ಹಾಗೆ ಇರಿ ಎಂದ. ಆ ದಿನ ಮನೆಗೆ ಬಂದು ನಾನು ಯೋಚಿಸಿದ್ದು ಸಾಹೇಬರ ಬಗ್ಗೆ. ಅವರೂ ಹೀಗೇ ಫೋಟೋ ತೆಗೆಸಿ ಕಳಿಸಿರಬೇಕು. ಯಾರೋ ಅವರ ಗದ್ದವನ್ನೂ ಹಿಡಿದು ತಿರುಗಿಸಿರಬೇಕು.

ಕೆಲಸ ಇಲ್ಲ ಎಂದಾದರೆ ಇಲ್ಲಿಯ ಕಂಪನಿಗಳು ಆ ಇಡೀ ಮಾಪ್ಪೆಯನ್ನು ಫೋಟೋ ಸಮೇತ ಅಂಚೆಯಲ್ಲಿ ಹಿಂದಕ್ಕೆ ಕಳಿಸುತ್ತವೆ. ಇನ್ನೊಂದು ಕಡೆ ಬಳಸಿಕೊಳ್ಳಲಿ ಎಂಬ ಸೌಜನ್ಯ. ಸಂದರ್ಶನಕ್ಕೆ ಕರೆಯುವುದಾದರೆ ಒಂದೇ ಹಾಳೆಯ ಕಾಗದ ಸಾಕು. ಆದ್ದರಿಂದ ಅಂಚೆಪೆಟ್ಟಿಗೆ ತೆರೆದ ಕೂಡಲೇ ಗೊತ್ತಾಗಿಬಿಡುತ್ತದೆ: ದಪ್ಪ ಲಕೋಟೆ ಕೆಟ್ಟ ಸುದ್ದಿ, ತೆಳ್ಳನೆಯದು ಒಳ್ಳೆಯದು. ಸಣ್ಣಂದಿನಿಂದ ದಪ್ಪ ಟಪಾಲೆಂದರೆ ಹಿಗ್ಗುತ್ತಿದ್ದ ನಮಗೆ ಇದು ಮೈಗೆ ಹತ್ತಲು ಕೆಲವು ವಾರ ಬೇಕಾಯಿತು. ಆಮೇಲೆ ಶ್ರೀಧರ ಮೆಟ್ಟಿಲು ಹತ್ತುವ ಸಪ್ಪಳದಿಂದಲೇ ಲಕೋಟೆಯ ತೂಕ ತಿಳಿಯತೊಡಗಿತು.

“ದಪ್ಪಂದು ಏನ್ರೀ?”

“ಹ್ಞೂಂ. ನಾನೇ ಮತ್ತ ಬಂದೀನಿ ನೋಡು, ಫೋಟೋ ಸಮೇತ,” ಎನ್ನುತ್ತಿದ್ದರು. ಮೇಜಿನ ಮೇಲೆ ಒಂದರ ಮೇಲೊಂದು ಏಳೆಂಟು ಶ್ರೀಧರರು ನಗದೆ ನಗುವ ಹಾಗೆ ಕೂತಿದ್ದರು.

ಮಧ್ಯಾಹ್ನ ಎರಡಕ್ಕೆ ಈಗ ಅವರೂ ಸೋಫಾದಲ್ಲಿ ಬಂದು ಕೂರುತ್ತಿದ್ದರು. ಟಿವಿ ನೋಡುವವರನ್ನು ಕಂಡರೆ ಆಗದ ಮನುಷ್ಯ. ಒಂದು ದಿನ ಧಾರಾವಾಹಿ ಮುಗಿದು ಹೆಸರುಗಳು ಉರುಳುತ್ತಿದ್ದಾಗ, ಶಾಸನದ ಕಲ್ಲುಗಳಲ್ಲಿಯೂ ಹೀಗೇ ಎಂದು ನಾನು ವಿವರಿಸಲು ಹೋದೆ. ರಾಜನ ಬಿರುದು, ದಾನದ ವಿವರ, ಕೆಡಿಸಿದವರಿಗೆ ಶಾಪ ಎಲ್ಲ ಮುಗಿದ ಮೇಲೆ ತೀರ ಕೆಳಗೆ ಕಂಡರಿಸಿದ ರೂವಾರಿಯ ಹೆಸರು, ಎಷ್ಟೋ ಸಲ ಆ ಸಾಲು ಮಣ್ಣಿನಲ್ಲಿ ಹೂತುಹೋಗಿರುತ್ತದೆ ಎಂದೆ. ಅಷ್ಟರಲ್ಲಿ ಚಾನೆಲ್ಲಿನವರು ಹೆಸರುಗಳನ್ನು ಮೂಲೆಗೊತ್ತಿ ಮುಂದಿನ ಕಾರ್ಯಕ್ರಮದ ಜಾಹೀರಾತು ಶುರುಮಾಡಿದರು. “ಹೂತರು ನೋಡು ನಿಮ್ಮ ರೂವಾರಿನ್ನ,” ಎಂದು ಶ್ರೀಧರ ಎದ್ದುಹೋದರು. ಅವರು ತಮಾಷೆ ಮಾಡಿದ್ದೆಂದು ನಾನು ಆಗ ತಿಳಿದೆ. ಈಗ ಗೊತ್ತಿಲ್ಲ.

ಎರಡನೆಯ ತಿಂಗಳ ಕೊನೆಯಲ್ಲಿ ತೆಳ್ಳನೆಯ ಲಕೋಟೆ ಬಂತು. ನನ್ನ ದಿನಚರಿಯಲ್ಲಿ ಆ ದಿನದ ಪುಟದಲ್ಲಿ ಇರುವುದು ಒಂದೇ ಮಾತು: ‘ತೆಳ್ಳಗಿದೆ.’ ಹತ್ತಿರದ ಊರಿನ ಒಂದು ಕಂಪನಿ, ಅದೇ ಗೋದಾಮಿನ ಕೆಲಸ, ಶ್ರೀಧರರಿಗಾಗಿಯೇ ಮಾಡಿಟ್ಟ ಹಾಗಿತ್ತು. ಸಂದರ್ಶನ ಜರ್ಮನ್ನಿನಲ್ಲಿ. ಎರಡು ವಾರ ಸಮಯ.

ನಮ್ಮವರ ದನಿಯ ಬಗ್ಗೆ ಒಂದು ಮಾತು ಹೇಳಬೇಕು. ಅದು ತೆಳು. ಮಾತು ಅವಸರದ್ದು, ವಾಕ್ಯದ ಬಾಲವನ್ನು ನುಂಗಿಬಿಡುತ್ತಾರೆ. ಮದುವೆಗೆ ಮುಂಚೆ ನೋಡಲು ಬಂದಾಗ ಅವರು ನನ್ನನ್ನು ಕೇಳಿದ ಪ್ರಶ್ನೆ ಯಾವುದೆಂದು ಇವತ್ತಿಗೂ ತಿಳಿಯದು. ಹೌದು ಎಂದು ತಲೆಯಾಡಿಸಿದ್ದೆ. ಇಂಥ ದನಿಯಲ್ಲಿ ಜರ್ಮನ್ ಮಾತಾಡಿದರೆ ವಾಕ್ಯದ ಕೊನೆಗೆ ಬರುವ ಕ್ರಿಯಾಪದಗಳೆಲ್ಲ ಹೊಟ್ಟೆಗೇ ಹೋಗುತ್ತವೆ ಎಂದು ನಾನು ಹೆದರಿ, ಸಾಹೇಬರ ಶಾಲೆಗೆ ಅವರನ್ನು ಸೇರಿಸಿದೆ.

ಸಾಹೇಬರಿಗೆ ಒಂದು ಅಭ್ಯಾಸ. ಪ್ರಕರಣ ಗೋಜಲಾದಾಗ, ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು, ಒಂದು ಉಸಿರಿನಷ್ಟು ಸುಮ್ಮನಿದ್ದು, “ಮೊದಲಿನಿಂದ ನೋಡೋಣ,” ಎನ್ನುತ್ತಾರೆ. ಆ ನಿಲುಗಡೆ, ಆ ಇಳಿದನಿ, ಅಷ್ಟನ್ನೂ ಕಲಿಸಿದೆ. ಶ್ರೀಧರ ದಿನವೂ ಸೋಫಾದ ಹಿಂದೆ ನಿಂತು ಅಭ್ಯಾಸ ಮಾಡಿದರು. “ನಿಮ್ಮ ಬಗ್ಗೆ ಹೇಳಿ” ಎಂದರೆ “ಮೊದಲಿನಿಂದ ನೋಡೋಣ” ಎಂದು ಶುರುಮಾಡಿ, ಹುಬ್ಬಳ್ಳಿಯ ಕಾಲೇಜಿನಿಂದ ಜರ್ಮನಿಯ ಗೋದಾಮಿನವರೆಗೆ ನಿಧಾನವಾಗಿ ನಡೆದುಬರುತ್ತಿದ್ದರು. ಹತ್ತನೆಯ ದಿನ ನಾನು ಅಡಿಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಆಚೆಯಿಂದ ಆ ದನಿ ಬಂತು. ಟಿವಿ ಹಾಕಿದ್ದಾರೆಂದುಕೊಂಡು ಇಣುಕಿದೆ. ಟಿವಿ ಆರಿತ್ತು. ಆಗ ನನಗಾದ ಹೆಮ್ಮೆಯನ್ನು ನೆನೆದರೆ ಈಗ ಮುಖ ಮುಚ್ಚಿಕೊಳ್ಳುವಂತಾಗುತ್ತದೆ.

ಸಂದರ್ಶನದ ದಿನ ಅವರು ಬಂದು ಬೂಟು ಬಿಚ್ಚುವವರೆಗೂ ಕಾದೆ.

“ಹೆಂಗಾತ್ರೀ?”

“ನಕ್ಕರು.”

“ಯಾರು?”

“ಎಲ್ಲಾರೂ. ಇಬ್ಬರಿದ್ರು. ನಾ ಬಾಯಿ ತಗದ ಕೂಡ್ಲೇ ಒಬ್ಬರ ಮಾರಿ ಒಬ್ಬರು ನೋಡಿ ನಗಲಿಕ್ಕೆ ಹತ್ತಿದ್ರು. ಬಾಜೂ ಖೋಲಿಯಿಂದ ಇನ್ನೊಬ್ಬನ್ನ ಕರದ್ರು. ಇವರ ಮಾತು ಕೇಳು ಅಂದ್ರು. ನನಗ ಇನ್ನೊಮ್ಮೆ ಹೇಳ್ರಿ ಅಂದ್ರು.”

“ಹೇಳಿದ್ರ್ಯಾ?”

“ಹೇಳಿದೆ.”

ಬೂಟಿನ ದಾರ ಗಂಟಾಗಿತ್ತು. ಅದನ್ನು ಬಿಡಿಸುತ್ತ ಅವರು ಮೆಲ್ಲಗೆ, “ಭಾಳ ಛಲೋ ಮಂದಿ, ವಸೂ. ಕಾಫಿ ಕೊಟ್ರು. ಕೆಲಸದ ಬಗ್ಗೆ ಮಾತ್ರ ಏನೂ ಕೇಳಲಿಲ್ಲ,” ಎಂದರು.

ಯಾಕೆ ನಕ್ಕರೆಂಬುದನ್ನು ಬಿಡಿಸಿ ಹೇಳಿದವಳು ಫ್ರೌ ಕೆಸ್ಲರ್. ಈ ದೇಶದಲ್ಲಿ ಪರದೇಶದ ಒಬ್ಬ ನಟನಿಗೆ ಒಬ್ಬ ಜರ್ಮನ್ ದನಿ ಕಲಾವಿದ ಗೊತ್ತಾದನೆಂದರೆ, ಮದುವೆ ಗೊತ್ತಾದ ಹಾಗೆ. ಆ ನಟ ಕುದುರೆ ಏರಲಿ, ನ್ಯಾಯಪೀಠ ಏರಲಿ, ವರ್ಷಗಟ್ಟಲೆ ಅದೇ ಮನುಷ್ಯ ಅವನಿಗೆ ದನಿ ಕೊಡುತ್ತಾನೆ. ಜನ ಆ ದನಿಯೊಂದಿಗೇ ಬೆಳೆಯುತ್ತಾರೆ. “ಕಣ್ಣು ಮುಚ್ಚಿಕೊಂಡರೂ ಗುರುತಿಸುತ್ತೇನೆ. ನನ್ನ ಗಂಡನ ದನಿಗಿಂತ ಹೆಚ್ಚು ಆ ದನಿ ಕೇಳಿದ್ದೇನೆ,” ಎಂದಳು ಆಕೆ. ನಮ್ಮ ತೊಗಲುಗೊಂಬೆಯಾಟದಲ್ಲಿ ಒಬ್ಬನೇ ಕೂತು ರಾಮನಿಗೂ ರಾವಣನಿಗೂ ದನಿ ಕೊಡುತ್ತಾನೆ. ಇಲ್ಲಿ ಒಂದು ಗೊಂಬೆಗೆ ಜೀವಮಾನವಿಡೀ ಒಬ್ಬ. ಡಬ್ಬಿಂಗ್ ಎಂಬುದೊಂದಿದೆ ಎಂದು ನನಗೆ ತಿಳಿಯದೆ ಇರಲಿಲ್ಲ. ಆದರೆ ಆ ದನಿಗೆ ಅದರದೇ ಮನೆ, ವಿಳಾಸ, ನೆಂಟರು ಇರುತ್ತಾರೆಂದು ಹೊಳೆದಿರಲಿಲ್ಲ. ಊರಿಗೆಲ್ಲ ಗುರುತಿದ್ದ ಬೇರೆಯವರ ಅಂಗಿಯನ್ನು ತೊಡಿಸಿ ನಾನು ಗಂಡನನ್ನು ಸಂದರ್ಶನಕ್ಕೆ ಕಳಿಸಿದ್ದೆ.

ವಾರದ ನಂತರ ಲಕೋಟೆ ಬಂತು. ದಪ್ಪಗಿತ್ತು. ಜೊತೆಗಿದ್ದ ಕಾಗದದಲ್ಲಿ, ನಿಮ್ಮೊಂದಿಗೆ ಕಳೆದ ಸಮಯ ಬಹಳ ಸಂತೋಷದ್ದಾಗಿತ್ತು ಎಂದು ಬರೆದಿದ್ದರು. ಆಮೇಲೆ ತೆಳ್ಳನೆಯದು ಬರಲಿಲ್ಲ.

ಈಗ ನನ್ನನ್ನು ಕಾಡುತ್ತಿರುವ ತೊಡಕು ಇದು. ಮೇಲಿನ ಮಾತುಕತೆಯನ್ನು ನಾನು ಬರೆದದ್ದು ನೆನಪಿನಿಂದ. ದಿನಚರಿ ತೆಗೆದು ನೋಡಿದರೆ ಆ ದಿನ ‘ನಕ್ಕರಂತೆ’ ಎಂದಷ್ಟೇ ಇದೆ. ಮೊನ್ನೆ ಶ್ರೀಧರರನ್ನು ಕೇಳಿದೆ. ಮೂರನೆಯವನು ಬಂದದ್ದು ಕಾಫಿ ಕೊಡಲಿಕ್ಕೆ ಎನ್ನುತ್ತಾರೆ. ತಾವೂ ಅವರ ಜೊತೆ ನಕ್ಕದ್ದಾಗಿ ಹೇಳುತ್ತಾರೆ. ಕಂಪನಿಯವರಿಗೆ ಮೊದಲೇ ಬೇರೆ ಮನುಷ್ಯ ಸಿಕ್ಕಿದ್ದ, ದನಿಗೂ ಅದಕ್ಕೂ ಸಂಬಂಧವಿಲ್ಲ ಎನ್ನುತ್ತಾರೆ. ನನ್ನ ತಪ್ಪನ್ನು ಮುಚ್ಚಲು ಹೀಗೆ ಹೇಳುತ್ತಿದ್ದಾರೋ, ಅಥವಾ ಆವತ್ತಿನ ನೋವಿಗೆ ನಾನೇ ಇನ್ನೊಬ್ಬ ಮನುಷ್ಯನನ್ನು ಪಕ್ಕದ ಕೋಣೆಯಿಂದ ಕರೆಸಿದೆನೋ ಹೇಳಲಾರೆ. ನೆನಪೂ ಡಬ್ಬಿಂಗ್ ಕೆಲಸದ್ದೇ. ಚಿತ್ರವನ್ನು ಮುಟ್ಟುವುದಿಲ್ಲ, ಆ ಬೂಟು, ಆ ದಾರದ ಗಂಟು ಇದ್ದ ಹಾಗೇ ಇವೆ. ಮಾತು ಮಾತ್ರ ಯಾವಾಗಲೋ ಬೇರೆಯಾಗಿರುತ್ತದೆ. ಇನ್ನೂ ಭಯವಾಗುವ ಸಂಗತಿ: ಆ ದೃಶ್ಯವನ್ನು ನೆನೆದರೆ “ಹೇಳಿದೆ” ಎಂಬ ಮಾತು ನನಗೆ ಸಾಹೇಬರ ದನಿಯಲ್ಲಿ ಕೇಳಿಸುತ್ತದೆ.

ಶ್ರೀಧರರ ಜೊತೆ ಕೆಲಸ ಕಳೆದುಕೊಂಡಿದ್ದ ಮೈಸೂರಿನ ನವೀನ, ಕಳೆದ ತಿಂಗಳು, ಹಳೆಯ ಸಾಮಾನಿನ ಸಂತೆಯಲ್ಲಿ ಕೊಂಡ ಡಿವಿಡಿಯೊಂದನ್ನು ಹಿಡಿದು ಬಂದ. ಅವನಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತ್ತು. ಸಿಕ್ಕಿದ್ದಕ್ಕೆ ನಮ್ಮೆದುರು ನಾಚಿಕೊಳ್ಳುತ್ತಿದ್ದ.

“ಅಕ್ಕ, ನಿಮ್ ಸಾಹೇಬ್ರನ್ನ ಅರೆಸ್ಟ್ ಮಾಡ್ಕೊಂಡ್ ಬಂದಿದೀನಿ ನೋಡಿ,” ಎಂದು ಡಬ್ಬಿ ತೋರಿಸಿದ. “ಇದ್ರಲ್ಲಿ ಇಂಗ್ಲಿಷೂ ಇದೆ. ಹಾಕ್ಲಾ?”

ಹಾಕಿದ. ಸಾಹೇಬರು ಕಾರಿನಿಂದಿಳಿದರು, ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟರು, ಬಾಯಿ ತೆರೆದರು. ತೆಳ್ಳನೆಯ, ಅವಸರದ, ಕೊನೆಯನ್ನು ನುಂಗುವ ದನಿಯೊಂದು ಬಂತು. ಯಾವ ನಿಲುಗಡೆಯೂ ಇಲ್ಲ. ಬಸ್ಸು ತಪ್ಪೀತೆಂಬಂತೆ ಮಾತಾಡಿ ಮುಗಿಸಿದರು.

“ಥೂ, ಏನ್ ಗುರು ಇದು, ಮೂಗಲ್ ಮಾತಾಡ್ತಾನೆ! ವಾಪಸ್ ಜರ್ಮನ್ನಿಗೆ ಹಾಕ್ಲಾ?” ಎಂದ ನವೀನ.

“ಬ್ಯಾಡ. ಇರಲಿ,” ಎಂದರು ಶ್ರೀಧರ. ಸೋಫಾದ ತುದಿಗೆ ಬಂದು ಕೂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ತಿರುಗದೆ, “ಇವನ ದನೀನೂ ನನ್ನ ಹಂಗ ಅದ ನೋಡು,” ಎಂದರು.

ಆ ಮನುಷ್ಯ ಇದೇ ದನಿಯಲ್ಲಿ, ಈ ಮೂಗಿನಲ್ಲಿ, ನಲವತ್ತು ವರ್ಷ ಹೊಟ್ಟೆ ಹೊರೆದಿದ್ದ. ನನ್ನ ಮನೆಯಲ್ಲಿ ಆ ದನಿ ಮೊದಲೇ ಇತ್ತು. ನಾನು ಅದನ್ನು ತಿದ್ದಿ ಕಳಿಸಿದ್ದೆ.

ಡಿವಿಡಿಯ ಕೊನೆಯಲ್ಲಿ ಮುಪ್ಪಿನ ಸಾಹೇಬರೊಂದಿಗೆ ಒಂದು ಸಣ್ಣ ಸಂದರ್ಶನವೂ ಇತ್ತು. ಹಿತ್ತಲಿನ ಕುರ್ಚಿಯಲ್ಲಿ ಕೂತು, ತಾನು ಕ್ಯಾಮೆರಾ ಮುಂದೆ ನಿಂತ ದಿನಗಳನ್ನೆಲ್ಲ ಒಂದರ ಪಕ್ಕ ಒಂದು ಜೋಡಿಸಿದರೆ ಆರು ವರ್ಷವಾದರೆ ಹೆಚ್ಚು, ಉಳಿದದ್ದೆಲ್ಲ ಫೋನಿನ ಪಕ್ಕ ಕೂತದ್ದು ಎಂದರು. ಅದನ್ನೂ ಅವಸರದಲ್ಲೇ ಹೇಳಿದರು. ದಿನಕ್ಕೆರಡು ಹೊತ್ತು ತಪ್ಪದೆ ಬರುತ್ತಿದ್ದ ಅವರ ಬದುಕಿನಲ್ಲಿ ನಡುವೆ ಅಷ್ಟೊಂದು ಖಾಲಿ ಮಧ್ಯಾಹ್ನಗಳಿದ್ದವೆಂದು ನನಗೆ ಅನಿಸಿಯೇ ಇರಲಿಲ್ಲ. ಟಿವಿಯವರು ಆ ಮಧ್ಯಾಹ್ನಗಳನ್ನು ತೋರಿಸುವುದಿಲ್ಲ. ಅವನ್ನು ನಾವು ಸೋಫಾದ ಈಚೆ ಕಡೆ ಕೂತು ತುಂಬುತ್ತಿರುತ್ತೇವೆ.

“ಆರು ವರ್ಷ ಏನು? ಹಂಗಾದ್ರ ನಾನೇ ಪಾಡಲ, ನಾ ದುಡದದ್ದು ಹತ್ತು ವರ್ಷಾತು,” ಎಂದರು ಶ್ರೀಧರ. ನವೀನ ಜೋರಾಗಿ ನಕ್ಕ. ನಾನೂ ನಕ್ಕೆ. ದಿನಚರಿಯಲ್ಲಿ ಬರೆದಿದ್ದೇನೆ, ನಕ್ಕದ್ದು ನಿಜ.

ಗಡುವನ್ನು ಒಮ್ಮೆ ಮುಂದೂಡಿದ್ದರು, ಎರಡನೆಯ ಸಲ ಆಗಲಿಲ್ಲ. ಹೋದ ಮಂಗಳವಾರ ಔಸ್‌ಲೆಂಡರ್‌ಬೆಹೋರ್ಡೆಗೆ ಹೋದೆವು. ಚೀಟಿ ತೆಗೆದುಕೊಂಡು ನಮ್ಮ ಅಂಕಿ ಬರುವತನಕ ಕೂತೆವು. ಮೇಜಿನಾಚೆ ಇದ್ದ ಹೆಂಗಸಿಗೆ ನಾನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಶ್ರೀಧರರೇ ಶುರುಮಾಡಿದರು. ಕೆಲಸ ಸಿಗಲಿಲ್ಲ, ಇಂಥ ಶನಿವಾರ ಹೊರಡುತ್ತೇವೆ, ಮನೆಯ ಕೀಲಿ ಅದರ ಹಿಂದಿನ ದಿನ ಕೊಡುತ್ತೇವೆ, ಏನೇನು ಕಾಗದ ಬೇಕು. ಅವರದೇ ದನಿ. ತೆಳು, ಅವಸರ, ಕ್ರಿಯಾಪದಗಳ ಬಾಲವೇ ಇಲ್ಲ. ಆಕೆ ಬರೆದುಕೊಂಡಳು. ಒಂದು ಸಲವೂ ‘ಏನಂದಿರಿ?’ ಎನ್ನಲಿಲ್ಲ. ಮುದ್ರೆ ಒತ್ತಿ, “ನಿಮ್ಮ ಜರ್ಮನ್ ಚೆನ್ನಾಗಿದೆ,” ಎಂದಳು.



ಟಿವಿಯನ್ನು ಫ್ರೌ ಕೆಸ್ಲರ್‌ಗೆ ಕೊಟ್ಟೆವು. ಆಕೆಯದಕ್ಕಿಂತ ನಮ್ಮದು ದೊಡ್ಡದು. ಈಗ ಮಧ್ಯಾಹ್ನ ಎರಡಕ್ಕೆ ಕೆಳಗಿನಿಂದ ಸಾಹೇಬರ ದನಿ ನೆಲದ ಮೂಲಕ ಬರುತ್ತದೆ, ಶಬ್ದಗಳು ತಿಳಿಯುವುದಿಲ್ಲ, ಗುನುಗು ಮಾತ್ರ. ಇದನ್ನು ಬರೆಯುತ್ತಿರುವ ಈ ಹೊತ್ತಿನಲ್ಲಿಯೂ ಬರುತ್ತಿದೆ. ಶ್ರೀಧರ ಖಾಲಿ ಕೋಣೆಯ ನಡುವೆ ಕೂತು ರಟ್ಟಿನ ಡಬ್ಬಿ ಕಟ್ಟುತ್ತಿದ್ದಾರೆ. ಹಿಂದಿರುಗಿ ಬಂದ ಮಾಪ್ಪೆಗಳನ್ನು ಬಿಟ್ಟುಹೋಗೋಣವೆಂದರೆ ಕೇಳದೆ, ಫೋಟೋಗಳೊಂದಿಗೆ ಎಲ್ಲವನ್ನೂ ಅದರಲ್ಲಿ ತುಂಬಿದರು. ಡಬ್ಬಿಯ ಬಾಯಿ ಮುಚ್ಚಲಿಲ್ಲ. ಎಲ್ಲ ಹೊರಗೆ ಸುರಿದರು.

“ಇನ್ನ ಹೆಂಗ್ರೀ?” ಎಂದು ಕೇಳಿದೆ. ಡಬ್ಬಿಯ ವಿಷಯವನ್ನೇ ಕೇಳಿದೆನೆಂದು ನನ್ನ ನೆನಪು.

ಟೇಪಿನ ತುದಿ ಹಲ್ಲಿನಲ್ಲಿ ಕಚ್ಚಿಕೊಂಡು, ಕೊನೆಯಕ್ಷರ ನುಂಗುತ್ತ, “ಮೊದಲಿಂದ ನೋಡೂಣು,” ಎಂದರು.

ಯಾರೂ ನಗಲಿಲ್ಲ. ನಾನು ಕೂಡಲೇ ದಿನಚರಿಯಲ್ಲಿ ಬರೆದುಕೊಂಡೆ, ಯಾರ ದನಿಯಲ್ಲಿ ಎಂಬುದನ್ನೂ ಸೇರಿಸಿ.